ಐಷಾರಾಮಿ ಚಿಕ್ಕ ಕ್ರೂಸ್ ಹಡಗಿನಲ್ಲಿ ಕೆಲಸ: ಅರ್ಜಿಯಿಂದ ಸೈನ್ ಆಫ್‌ವರೆಗೆ ನಾನು ಕಂಡದ್ದು

ಕಳೆದ ವಾರ ಊರಿಗೆ ಬಂದೆ, ಕಾರ್ಕಳಕ್ಕೆ. ಇನ್ನೂ ನಡುರಾತ್ರಿ ಎಚ್ಚರವಾಗುತ್ತಿದೆ. ಬಂದ ಸುದ್ದಿ ಹರಡಿದ್ದೇ ತಡ, ಹಳೇ ಹೋಟೆಲಿನ ಸಹೋದ್ಯೋಗಿಗಳು, ಅವರ ತಮ್ಮಂದಿರು, ಪರಿಚಯವೇ ಇಲ್ಲದವರು ಎಲ್ಲ ಮೆಸೇಜ್ ಮಾಡುತ್ತಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಏಜೆಂಟಿಗೆ ಎಷ್ಟು ಕೊಟ್ರಿ?" ಒಬ್ಬೊಬ್ಬರಿಗೇ ಟೈಪ್ ಮಾಡಿ ಸಾಕಾಯ್ತು, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ನೀವೂ ಕೊಡಬೇಡಿ.

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ಬೆಂಗಳೂರಿನ ಫೈವ್ ಸ್ಟಾರ್ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದೆ. ಹಡಗಿನಲ್ಲಿ ನನ್ನದು ಸ್ಟೀವರ್ಡೆಸ್ ಕೆಲಸ, ಅಂದರೆ ಅತಿಥಿಗಳ ಸೂಟ್ ನೋಡಿಕೊಳ್ಳುವುದು. ಕಂಪನಿಯ ಹೆಸರು ಹೇಳುವುದಿಲ್ಲ, ಕಾಂಟ್ರ್ಯಾಕ್ಟಿನಲ್ಲಿ ಅದಕ್ಕೊಂದು ಷರತ್ತಿದೆ. ಚಿಕ್ಕ ಹಡಗು ಅಂದರೆ ಎಷ್ಟು ಚಿಕ್ಕದು ಅಂತ ಕೇಳುವವರಿಗೆ ಒಂದು ಅಂದಾಜು ಕೊಡುತ್ತೇನೆ. ಐಕಾನ್ ಆಫ್ ದಿ ಸೀಸ್ ಎಂಬ ದೈತ್ಯ ಕ್ರೂಸ್ ಹಡಗು ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅವರಿಗೆ ಸಿಬ್ಬಂದಿ 2,350. ಇನ್ನೊಂದು ತುದಿಯಲ್ಲಿ ಸೀಡ್ರೀಮ್ ಕಂಪನಿಯ ಎರಡು ಹಡಗುಗಳಿವೆ, ಒಂದೊಂದರಲ್ಲಿ 112 ಅತಿಥಿಗಳು, 95 ಸಿಬ್ಬಂದಿ. ನಾನಿದ್ದ ಹಡಗು ಈ ಎರಡರ ನಡುವಿನದು, ಆದರೆ ಎರಡನೆಯದಕ್ಕೆ ಹತ್ತಿರ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಕೆಲಸ, ಸಂಬಳ, ತಲೆನೋವು ಎಲ್ಲ ಇದರಿಂದಲೇ ಬರುವುದು.

ಏಜೆಂಟರ ವಿಷಯ ಮೊದಲು ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಒಬ್ಬ ನನಗೆ 2 ಲಕ್ಷ ಕೇಳಿದ್ದ, "ಪ್ರೊಸೆಸಿಂಗ್ ಮತ್ತು ಟ್ರೇನಿಂಗ್" ಅಂತ. "ಆರ್‌ಪಿಎಸ್‌ಎಲ್ ನಂಬರ್ ಕೊಡಿ" ಅಂದೆ. "ಅದೆಲ್ಲ ಮುಂಬೈ ಆಫೀಸಲ್ಲಿದೆ ಮೇಡಂ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ" ಅಂದ. ಅಲ್ಲಿಂದಲೇ ಎದ್ದು ಬಂದೆ. ಆರ್‌ಪಿಎಸ್‌ಎಲ್ ಅಂದರೆ ಹಡಗಿಗೆ ಜನ ಕಳಿಸಲು ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರಕಾರದ ಹಡಗು ಇಲಾಖೆ, ಕೊಡುವ ಲೈಸೆನ್ಸ್. ಅವರ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹುಡುಕಿದರೆ ಲೈಸೆನ್ಸ್ ಇದೆಯೋ, ರದ್ದಾಗಿದೆಯೋ ಗೊತ್ತಾಗುತ್ತದೆ. ಎಂಎಲ್‌ಸಿ 2006 ಅಂತ ಹಡಗು ಕೆಲಸಗಾರರ ಒಂದು ಅಂತಾರಾಷ್ಟ್ರೀಯ ಒಪ್ಪಂದವಿದೆ, ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಕೆಲಸ ಕೊಡಿಸಲು ನಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ಸಿಡಿಸಿ (ಹಡಗು ಕೆಲಸಗಾರರ ಸೇವಾ ಪುಸ್ತಕ), ಮೆಡಿಕಲ್ ಸರ್ಟಿಫಿಕೇಟಿನ ಖರ್ಚು ನಮ್ಮ ಮೇಲೆ ಬರಬಹುದು. ವೀಸಾ ಖರ್ಚು ಹಡಗಿನವರದ್ದು. ಸೇಫ್ಟಿ ಕೋರ್ಸುಗಳಿಗೆ ನಾನು ಕೈಯಿಂದಲೇ ಹಾಕಿದೆ, ಅದು ನೇರ ತರಬೇತಿ ಸಂಸ್ಥೆಗೆ ಹೋಗುವ ದುಡ್ಡು, ಏಜೆಂಟಿಗಲ್ಲ.

ಇಂಟರ್‌ವ್ಯೂ ವಿಡಿಯೋದಲ್ಲಿ ಎರಡು ಸುತ್ತು. ಮೊದಲನೆಯದು ಮುಂಬೈನ ಏಜೆನ್ಸಿಯವರದ್ದು, ಎರಡನೆಯದು ಹಡಗಿನ ಹೌಸ್‌ಕೀಪಿಂಗ್ ಮ್ಯಾನೇಜರ್ ಆಗಿದ್ದ ಹೆಂಗಸಿನದ್ದು. ಇಂಗ್ಲಿಷ್ ಉಚ್ಚಾರಣೆ ನೋಡುತ್ತಾರೆ ಅಂತ ಹೆದರಿದ್ದೆ, ಆಕೆ ಅದರ ಬಗ್ಗೆ ತಲೆಯೇ ಕೆಡಿಸಿಕೊಳ್ಳಲಿಲ್ಲ. "ಅತಿಥಿ ಮೂರನೇ ದಿನ ಏನು ಕೇಳಬಹುದು ಅಂತ ಎರಡನೇ ದಿನವೇ ನಿನಗೆ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದರು. ಕಸದ ಬುಟ್ಟಿ ನೋಡುತ್ತೇನೆ ಅಂದೆ. ಯಾವ ಹಣ್ಣು ತಿಂದಿದ್ದಾರೆ, ಯಾವುದನ್ನು ಮುಟ್ಟಿಲ್ಲ, ಟೀ ಬ್ಯಾಗ್ ಯಾವ ಬಣ್ಣದ್ದು, ಎಲ್ಲ ಅಲ್ಲೇ ಇರುತ್ತದಲ್ವಾ. ಆಕೆ ನಕ್ಕರು. ಆಮೇಲೆ ಸುದ್ದಿಯೇ ಇಲ್ಲ. ವಾರಗಟ್ಟಲೆ ಇಮೇಲ್ ತೆರೆದು ಮುಚ್ಚಿ ಮಾಡಿದ್ದೇ ಆಯಿತು. ಇದು ಮಾಮೂಲಂತೆ. ಹಡಗಿನಲ್ಲಿ ಯಾರಾದರೂ ಇಳಿಯುವುದು ಗಟ್ಟಿಯಾಗದೆ ಅವರು ಹೊಸಬರಿಗೆ ಪತ್ರ ಕೊಡುವುದಿಲ್ಲ. ಇರುವ ಕೆಲಸ ಮಾತ್ರ ಬಿಡಬೇಡಿ.

ಆಫರ್ ಪತ್ರ ಬಂದ ಮೇಲೆ ಶುರುವಾಗುವುದು ಕಾಗದದ ಸರಪಳಿ. ಇಂಡೋಸ್ ನಂಬರ್, ಅಂದರೆ ಹಡಗು ಕೆಲಸಗಾರರ ಗುರುತಿನ ಸಂಖ್ಯೆ, ಇಲ್ಲದೆ ಕೋರ್ಸಿಗೆ ಸೀಟಿಲ್ಲ. ಕೋರ್ಸ್ ಸರ್ಟಿಫಿಕೇಟ್ ಇಲ್ಲದೆ ಸಿಡಿಸಿ ಇಲ್ಲ. ಮೆಡಿಕಲ್ ಇಲ್ಲದೆ ಮುಂದಿನದು ಯಾವುದೂ ಇಲ್ಲ. ಒಂದು ತಡವಾದರೆ ಮುಂದಿನದೆಲ್ಲ ನಿಂತುಬಿಡುತ್ತದೆ. ಆಫರ್‌ನಿಂದ ಹಡಗು ಹತ್ತುವವರೆಗೆ ನನಗೆ ಅರ್ಧ ವರ್ಷವೇ ಹಿಡಿಯಿತು. ಪತ್ರ ಬರುವ ಮೊದಲೇ ಇಂಡೋಸ್ ಮತ್ತು ಕೋರ್ಸು ಮುಗಿಸಿಟ್ಟುಕೊಂಡವರು ಬೇಗ ಹೋದರು. ಆದರೆ ಕೆಲಸ ಗ್ಯಾರಂಟಿ ಇಲ್ಲದೆ ಅಷ್ಟು ದುಡ್ಡು ಹಾಕುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ನನಗೆ ದೊಡ್ಡ ತೊಡಕಾದದ್ದು ಹೆಸರು. ನಮ್ಮ ಕಡೆಯವರ ಕಥೆ ನಿಮಗೆ ಗೊತ್ತೇ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಮತ್ತು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಆಧಾರ್‌ನಲ್ಲಿ ಅಪ್ಪನ ಹೆಸರು ಕೂಡ ಸೇರಿಕೊಂಡಿದೆ. ಇಂಡೋಸ್ ಪಾಸ್‌ಪೋರ್ಟ್ ಪ್ರಕಾರ ಆಯಿತು. ಮಾರ್ಕ್ಸ್ ಕಾರ್ಡ್ ಹೊಂದಲಿಲ್ಲ ಅಂತ ಅರ್ಜಿ ವಾಪಸ್ ಬಂತು. ನೋಟರಿ ಅಫಿಡವಿಟ್ ಮಾಡಿಸಿ ಮತ್ತೆ ಹಾಕಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿಗೆ ಅಮೆರಿಕದವರು ವೀಸಾದಲ್ಲಿ ನಮ್ಮ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ, "ಮೊದಲ ಹೆಸರು ಗೊತ್ತಿಲ್ಲ" ಎಂದು. ಅದೇ ಟಿಕೆಟಿಗೆ ಹೋಯಿತು, ಹಡಗಿನ ಕಂಪ್ಯೂಟರಿಗೂ ಹೋಯಿತು. ನನ್ನ ಮೊದಲ ಕ್ರೂ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಎಫ್‌ಎನ್‌ಯು ಅಂತಲೇ ಇತ್ತು. ಫಿಲಿಪೀನ್ಸ್ ಹುಡುಗಿಯರು ನನ್ನನ್ನು ಇಳಿಯುವವರೆಗೂ "ಫನು" ಅಂತಲೇ ಕರೆದರು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ದಯವಿಟ್ಟು ಇನಿಷಿಯಲ್ ಬಿಡಿಸಿ ಸರ್‌ನೇಮ್ ಜಾಗ ತುಂಬಿಸಿ. ಹಳೆಯದಿದ್ದರೆ ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ರೀಇಷ್ಯೂ ಮಾಡಿಸಿ.

ಹಡಗು ಹತ್ತುವವರು ಮಾಡಬೇಕಾದ ಎಸ್‌ಟಿಸಿಡಬ್ಲ್ಯು ಬೇಸಿಕ್ ಸೇಫ್ಟಿ ಕೋರ್ಸನ್ನು ಗೋವಾದಲ್ಲಿ ಮಾಡಿದೆ. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ಹೇಗಿರಬೇಕೆಂಬ ನಿಯಮಗಳು, ಜೊತೆಗೆ ಸೆಕ್ಯುರಿಟಿ. ಪ್ರಯಾಣಿಕರ ಹಡಗಿಗೆ ಜನರ ಗುಂಪನ್ನು ನಿಭಾಯಿಸುವ ಇನ್ನೊಂದು ಕೋರ್ಸು. ಶುಲ್ಕ, ಪಿಜಿ ಬಾಡಿಗೆ, ಊಟ ಎಲ್ಲ ಸೇರಿ 25 ಸಾವಿರದ ಆಸುಪಾಸು ಆಯಿತು. ಈಜು ಬರದಿದ್ದರೂ ಪರವಾಗಿಲ್ಲ ಅಂತ ಹೇಳಿದ್ದರು, ನನಗೆ ಬರುತ್ತಿರಲಿಲ್ಲ. ಕೊಳದ ಅಂಚಿನಲ್ಲಿ ಎತ್ತರದ ಹಲಗೆ. ಲೈಫ್‌ಜಾಕೆಟ್ ಮೇಲೆ ಒಂದು ಕೈ ಬಿಗಿಯಾಗಿ ಅಡ್ಡ ಹಿಡಿದು, ಇನ್ನೊಂದರಲ್ಲಿ ಮೂಗು ಮುಚ್ಚಿ, ಕೆಳಗೆ ನೋಡದೆ ಒಂದು ಹೆಜ್ಜೆ ಮುಂದಿಡಬೇಕು. ಹಾರಬಾರದು, ನಡೆದುಬಿಡಬೇಕು. ಹಿಂದೆ ನಿಂತಿದ್ದ ಕೇರಳದ ಹುಡುಗ "ಚೇಚಿ, ಬೇಗ" ಅಂದ, ಆ ಸಿಟ್ಟಿಗೇ ಕಾಲಿಟ್ಟೆ. ಅದಕ್ಕಿಂತ ಕಷ್ಟ ಮಗುಚಿದ ಲೈಫ್‌ರಾಫ್ಟ್ ತಿರುಗಿಸುವುದು. ಅದರ ಹೊಟ್ಟೆಯ ಮೇಲೆ ಹತ್ತಿ, ಪಟ್ಟಿ ಹಿಡಿದು ಹಿಂದಕ್ಕೆ ವಾಲಿದರೆ ಇಡೀ ರಾಫ್ಟ್ ನಿಮ್ಮ ಮೇಲೇ ಬೀಳುತ್ತದೆ. ಅದರಡಿಯಿಂದ ಬೆನ್ನ ಮೇಲೆ ತೇಲಿಕೊಂಡು ಈಚೆ ಬರಬೇಕು. ಎರಡು ದಿನ ಭುಜ ನೋವು.

ಮೆಡಿಕಲ್ ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ ಹತ್ತಿರವೇ ಆಗಬೇಕು, ಮನೆ ಪಕ್ಕದ ಕ್ಲಿನಿಕ್ ಆಗುವುದಿಲ್ಲ. ರಕ್ತ, ಎಕ್ಸ್‌ರೇ, ಬಣ್ಣ ಗುರುತಿಸುವ ಪರೀಕ್ಷೆ, ಡ್ರಗ್ ಟೆಸ್ಟ್, ಹೆಂಗಸರಿಗೆ ಗರ್ಭ ಪರೀಕ್ಷೆ. ಕಂಪನಿಯ ಪಟ್ಟಿಯಲ್ಲಿ ಹಲ್ಲಿನ ತಪಾಸಣೆಯೂ ಇತ್ತು. ಹುಳುಕು ಹಲ್ಲಿದ್ದರೆ ಮೊದಲೇ ತುಂಬಿಸಿಕೊಳ್ಳಿ, ಇಲ್ಲದಿದ್ದರೆ ಡಾಕ್ಟರು ಸಹಿ ಹಾಕುವುದಿಲ್ಲ. ಹಳದಿ ಜ್ವರದ ಲಸಿಕೆ ಸರಕಾರ ಗೊತ್ತುಮಾಡಿದ ಕೆಲವೇ ಕೇಂದ್ರಗಳಲ್ಲಿ, ವಾರದ ಕೆಲವೇ ದಿನ. ಕಾರ್ಡ್ ಜೀವನಪೂರ್ತಿ ನಡೆಯುತ್ತದೆ, ಆದರೆ ಚುಚ್ಚಿಸಿಕೊಂಡ 10 ದಿನದ ನಂತರವೇ ಊರ್ಜಿತ. ಹೊರಡುವ ಹಿಂದಿನ ವಾರ ಹೋದರೆ ಉಪಯೋಗವಿಲ್ಲ.

ಇಷ್ಟೆಲ್ಲ ಓಡಾಡುವಾಗ ಮನೆಯಲ್ಲಿ ಬೇರೆಯೇ ನಾಟಕ. ದೊಡ್ಡಪ್ಪ ಬಂದು ಜಗಲಿಯಲ್ಲಿ ಕೂತು, "ಹೆಣ್ಣುಮಗಳು, ಅದೂ ಸಮುದ್ರದ ಮೇಲೆ, ಹಾಸಿಗೆ ಹಾಸ್ಲಿಕ್ಕೆ ಅಷ್ಟು ದೂರ ಹೋಗಬೇಕಾ?" ಅಂದರು. ಅಮ್ಮ ಒಳಗಿನಿಂದಲೇ, "ಬೆಂಗಳೂರಲ್ಲೂ ಅದನ್ನೇ ಮಾಡ್ತಿದ್ದಳಲ್ಲ ಭಾವ, ಅಲ್ಲಿ ಡಾಲರ್ ಕೊಡ್ತಾರೆ" ಅಂದಳು. ಚರ್ಚೆ ಅಲ್ಲಿಗೆ ನಿಂತಿತು.

ಅಮೆರಿಕದ ಸಿ1/ಡಿ ವೀಸಾಕ್ಕೆ, ಅಂದರೆ ಹಡಗು ಸಿಬ್ಬಂದಿಯ ವೀಸಾಕ್ಕೆ, ನಾನು ಹೋದದ್ದು ಚೆನ್ನೈಗೆ. ಒಂದು ದಿನ ಬೆರಳಚ್ಚು, ಮರುದಿನ ಇಂಟರ್‌ವ್ಯೂ, ಹಾಗಾಗಿ ಒಂದು ರಾತ್ರಿ ಉಳಿಯಲು ಲೆಕ್ಕ ಹಾಕಿಕೊಳ್ಳಿ. ಫೀಸು 185 ಡಾಲರ್ ಕಂಪನಿ ಕಟ್ಟಿತು, ಬಸ್ಸು ಮತ್ತು ಲಾಡ್ಜ್ ನನ್ನದು. ಕಿಟಕಿಯಲ್ಲಿ ಕೇಳಿದ್ದು ನಾಲ್ಕೇ ಮಾತು: ಯಾವ ಹಡಗು, ಯಾವ ಕೆಲಸ, ಮೊದಲು ಎಲ್ಲಿದ್ದೆ, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಏನು. ಅಪಾಯಿಂಟ್‌ಮೆಂಟಿಗೆ ಕಾದದ್ದೇ ಜಾಸ್ತಿ. ಹಡಗು ಹತ್ತುವುದು ಗ್ರೀಸಿನಲ್ಲಿ ಆದ್ದರಿಂದ ಯುರೋಪಿನ ಷೆಂಗೆನ್ ವೀಸಾ ಬೇರೆ, ಅದಕ್ಕೂ ಪಾಸ್‌ಪೋರ್ಟ್ ಕೊಟ್ಟು ಕೂರಬೇಕು. ಎರಡೂ ವೀಸಾಕ್ಕೆ ಒಂದೇ ಪಾಸ್‌ಪೋರ್ಟ್ ತಾನೆ? ಒಂದು ಮುಗಿಯದೆ ಇನ್ನೊಂದು ಆಗುವುದಿಲ್ಲ. ಈ ಕಾರಣಕ್ಕೆ ನನ್ನ ಮೊದಲ ಜಾಯ್ನಿಂಗ್ ದಿನಾಂಕ ತಪ್ಪಿಯೇ ಹೋಯಿತು. ಬೆಂಗಳೂರಿನ ಕೆಲಸ ಅಷ್ಟರಲ್ಲಿ ಬಿಟ್ಟಿದ್ದೆ. ಆ ತಿಂಗಳು ಮನೆಯಲ್ಲಿ ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ.

ಟಿಕೆಟ್ ಕಂಪನಿಯದ್ದೇ. ಸೀಮನ್ ಟಿಕೆಟ್ ಅಂದರೆ ಲಗೇಜ್ ಜಾಸ್ತಿ ಬಿಡುತ್ತಾರೆ, ಆದರೆ ತುಂಬಬೇಡಿ, ಕ್ಯಾಬಿನ್ನಿನಲ್ಲಿ ಇಡಲು ಜಾಗವಿಲ್ಲ. ಇಮಿಗ್ರೇಷನ್‌ನಲ್ಲಿ ಪಾಸ್‌ಪೋರ್ಟ್ ಜೊತೆ ಸಿಡಿಸಿ, ಕಾಂಟ್ರ್ಯಾಕ್ಟ್, ಕಂಪನಿಯ ಪತ್ರ ಕೇಳುತ್ತಾರೆ. ಎಲ್ಲ ಪ್ರಿಂಟ್ ಇರಲಿ, ಫೋನಿನಲ್ಲಿ ತೋರಿಸುತ್ತೇನೆ ಅಂದರೆ ಆಗುವುದಿಲ್ಲ.

ಪಿರೇಯಸ್ ಬಂದರಿನಲ್ಲಿ ದೊಡ್ಡ ದೊಡ್ಡ ಹಡಗುಗಳ ನಡುವೆ ನಮ್ಮದು ಕಾಣಿಸಲೇ ಇಲ್ಲ. ಹತ್ತಿದ ಕೂಡಲೇ ಪಾಸ್‌ಪೋರ್ಟ್, ಸಿಡಿಸಿ ಆಫೀಸಿಗೆ ಒಪ್ಪಿಸಬೇಕು. ಹೆದರಬೇಡಿ, ಬಂದರು ಬಂದರಿಗೆ ಅವರೇ ತೋರಿಸಬೇಕಾಗುತ್ತದೆ, ರಸೀದಿ ಕೊಡುತ್ತಾರೆ. ಕ್ಯಾಬಿನ್ನಿನಲ್ಲಿ ಇಬ್ಬರು, ಮೇಲೊಂದು ಬಂಕ್ ಕೆಳಗೊಂದು, ಕಿಟಕಿ ಇಲ್ಲ. ಹೊಸಬರಿಗೆ ಯಾವಾಗಲೂ ಮೇಲಿನದೇ. ಬಟ್ಟೆ ಬಿಚ್ಚಿಡುವ ಮೊದಲೇ ಸೇಫ್ಟಿ ತರಬೇತಿ. ಏಳು ಸಣ್ಣ ಸಿಳ್ಳೆ ಒಂದು ಉದ್ದ ಸಿಳ್ಳೆ ಕೇಳಿದರೆ ಮಸ್ಟರ್, ಎಲ್ಲರೂ ಗೊತ್ತುಮಾಡಿದ ಜಾಗಕ್ಕೆ ಸೇರಬೇಕು. ಸಂಕೇತ ಮಾತುಗಳೂ ಇವೆ: ಆಸ್ಕರ್ ಅಂದರೆ ಯಾರೋ ನೀರಿಗೆ ಬಿದ್ದಿದ್ದಾರೆ, ಬ್ರಾವೋ ಅಂದರೆ ಬೆಂಕಿ. ಹಾಸಿಗೆ ಹಾಸುವವಳು ಆಪತ್ತಿನಲ್ಲಿ ಸೂಟುಗಳನ್ನು ಒಂದೊಂದಾಗಿ ನೋಡಿ ಖಾಲಿ ಅಂತ ಗುರುತು ಮಾಡಿ ಬರಬೇಕು, ಅದು ನನ್ನ ಕೆಲಸ. ಡ್ರಿಲ್ ತಪ್ಪಿಸಿಕೊಂಡರೆ ವಾರ್ನಿಂಗ್.

ದೊಡ್ಡ ಹಡಗಿನಲ್ಲಿ ಒಬ್ಬ ಸ್ಟೀವರ್ಡ್‌ಗೆ ಹದಿನೈದು ಇಪ್ಪತ್ತು ಕ್ಯಾಬಿನ್, ಓಡಿಯೇ ಸುಸ್ತು ಅನ್ನುತ್ತಾರೆ. ನಮಗೆ ಅದರ ಅರ್ಧ. ಹಾಗಾದರೆ ಆರಾಮ ಅಲ್ವಾ ಅನ್ನುವಿರಿ. ಇಲ್ಲ. ಇಲ್ಲಿ ಕೈಕಾಲಿಗಿಂತ ತಲೆಗೆ ಕೆಲಸ. ಅತಿಥಿ ಹತ್ತುವ ಮೊದಲೇ ಪ್ರತಿಯೊಬ್ಬರ ಹೆಸರು, ಮುಖ, ಬೇಕು ಬೇಡಗಳ ಹಾಳೆ ಬರುತ್ತದೆ. ಬಾಯಿಪಾಠ ಮಾಡಬೇಕು. ಮೊದಲ ಸಂಜೆಯೇ ಕಾರಿಡಾರಿನಲ್ಲಿ ಸಿಕ್ಕಿದರೆ ಹೆಸರು ಹಿಡಿದು ಮಾತಾಡಿಸಬೇಕು. ದಿನಕ್ಕೆರಡು ಸಲ ಸೂಟ್ ಮಾಡುತ್ತೇವೆ, ಬೆಳಗ್ಗೆ ಪೂರ್ತಿ, ಸಂಜೆ ಟರ್ನ್‌ಡೌನ್, ಅಂದರೆ ರಾತ್ರಿ ಮಲಗಲು ಹಾಸಿಗೆ ಸಿದ್ಧಮಾಡುವುದು. ಕನ್ನಡಕ ಮೇಜಿನ ಮೇಲಿದ್ದರೆ ಅದರ ಪಕ್ಕ ಒರೆಸುವ ಪುಟ್ಟ ಬಟ್ಟೆ. ಪುಸ್ತಕ ಕವುಚಿ ಹಾಕಿದ್ದರೆ ಪುಟಕ್ಕೆ ಬುಕ್‌ಮಾರ್ಕ್ ಇಟ್ಟು ಮುಚ್ಚಬೇಕು. ಚಾರ್ಜರ್ ವಯರು ಸುತ್ತಿ ಪಟ್ಟಿ ಕಟ್ಟಬೇಕು. ಒಬ್ಬ ಅಜ್ಜಿ ಹಾಸಿಗೆಯ ಗೋಡೆ ಬದಿಯಲ್ಲೇ ಮಲಗುತ್ತಿದ್ದರು, ಮಾತ್ರೆ ಡಬ್ಬಿ ಮಾತ್ರ ಇನ್ನೊಂದು ಬದಿಯಲ್ಲಿರುತ್ತಿತ್ತು. ಎರಡನೇ ಸಂಜೆ ನೀರಿನ ಲೋಟವನ್ನು ಡಬ್ಬಿಯ ಪಕ್ಕ ಇಡದೆ ಗೋಡೆ ಬದಿ ಇಟ್ಟೆ. ಮರುದಿನ ಡಬ್ಬಿಯೂ ಆ ಕಡೆ ಬಂದಿತ್ತು. ಅವರು ಏನೂ ಹೇಳಲಿಲ್ಲ, ಇಳಿಯುವ ದಿನ ಕೈ ಹಿಡಿದುಕೊಂಡರು.

ಅಡಗಿಕೊಳ್ಳಲು ಜಾಗವೇ ಇಲ್ಲ, ಅದೇ ಚಿಕ್ಕ ಹಡಗಿನ ಕಷ್ಟ. ಅತಿಥಿಗಳು ಊರು ನೋಡಲು ಇಳಿದಾಗ ನಾವೂ ಒಂದು ಗಂಟೆ ಇಳಿದರೆ ಅದೇ ಸಣ್ಣ ಬೀದಿಯ ಕಾಫಿ ಅಂಗಡಿಯಲ್ಲಿ ಎದುರಾಗುತ್ತಾರೆ, ಅಲ್ಲೂ ನಗುಮುಖ. ಕ್ರೂನಲ್ಲಿ ಯಾರ ಜೊತೆಗಾದರೂ ಜಗಳವಾದರೆ ಅದೇ ಮೆಸ್ಸಿನಲ್ಲಿ ಮೂರು ಹೊತ್ತು ಅವರೇ ಎದುರು. ಊಟದಲ್ಲಿ ಅನ್ನ ದಿನವೂ ಇರುತ್ತದೆ, ರುಚಿ ಫಿಲಿಪೀನ್ಸಿನದ್ದು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಕ್ಯಾಬಿನ್ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಬಾಯಿ ತೆರೆದ ತಿಂಡಿ ಕ್ಯಾಬಿನ್ನಿನಲ್ಲಿ ಇಡುವಂತಿಲ್ಲ. ಸಣ್ಣ ಸಣ್ಣ ಸೀಲ್ಡ್ ಪ್ಯಾಕೆಟ್ ತನ್ನಿ.

ಕೆಲಸದ ಗಂಟೆಗೆ ಎಂಎಲ್‌ಸಿ ನಿಯಮವಿದೆ: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ವಾರಕ್ಕೆ 77. ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಯಾದರೂ ಇರಬೇಕು. ತಿಂಗಳ ಕೊನೆಗೆ ಗಂಟೆಯ ಹಾಳೆಗೆ ನಾವೇ ಸಹಿ ಹಾಕುತ್ತೇವೆ, ಓದಿ ಸಹಿ ಹಾಕಿ. ವಾರದ ರಜೆ ಅನ್ನುವುದು ಇಲ್ಲ. ಭಾನುವಾರ ಯಾವುದು ಅಂತ ಮರೆತೇ ಹೋಗುತ್ತದೆ.

ಖುಷಿಯೂ ಇತ್ತು, ಬರೀ ಗೋಳಲ್ಲ. ಗ್ರೀಸಿನ ಕೊರಿಂತ್ ಕಾಲುವೆ ದಾಟಿದ ದಿನ ನಾನು ಒಂದು ಸೂಟಿನಲ್ಲಿ ಹೊದಿಕೆ ಬದಲಿಸುತ್ತಿದ್ದೆ. ಒಮ್ಮೆಲೇ ಕೋಣೆ ಕತ್ತಲಾಯಿತು. ನೋಡಿದರೆ ಕಿಟಕಿಯ ಆಚೆ ಸಮುದ್ರವೇ ಇಲ್ಲ, ಹಳದಿ ಕಲ್ಲಿನ ಗೋಡೆ ನಿಧಾನ ಸರಿಯುತ್ತಿದೆ, ಸಂದಿನಲ್ಲಿ ಬೆಳೆದ ಗಿಡದ ಎಲೆ ಎಣಿಸಬಹುದು. 1893ರಲ್ಲಿ ತೆರೆದ ಕಾಲುವೆ, ಉದ್ದ 6 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ನೀರಿನ ಮಟ್ಟದಲ್ಲಿ ಅಗಲ 25 ಮೀಟರಿಗೆ ಸ್ವಲ್ಪ ಕಡಿಮೆ. ಈಗಿನ ದೊಡ್ಡ ಕ್ರೂಸ್ ಹಡಗು ಯಾವುದೂ ಒಳಗೆ ಬರುವುದಿಲ್ಲ. ದಿಂಬು ಕೈಯಲ್ಲಿ ಹಿಡಿದು ನಿಂತೇ ಇದ್ದೆ, ಸೂಪರ್‌ವೈಸರ್ ಬಂದವರೂ ಬೈಯದೆ ಪಕ್ಕದಲ್ಲಿ ನಿಂತರು.

ಚಳಿಗಾಲಕ್ಕೆ ಹಡಗು ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿಗೆ ಹೋಯಿತು. ಚಿಕ್ಕ ಹಡಗು ತೂಗುವುದು ಜಾಸ್ತಿ. ಹಸಿರು ಸೇಬು, ಉಪ್ಪು ಬಿಸ್ಕತ್ತು, ದಿಗಂತ ನೋಡುವುದು, ಇವು ನನಗೆ ಸ್ವಲ್ಪ ನೆರವಾದವು. ಮಾತ್ರೆ ತೆಗೆದುಕೊಂಡರೆ ನಿದ್ದೆ, ನಿದ್ದೆಗಣ್ಣಲ್ಲಿ ಸೂಟ್ ಮಾಡುವುದು ಹೇಗೆ? ಅಮೆರಿಕದ ಬಂದರು ಹತ್ತಿರವಾದಂತೆ ಯುಎಸ್‌ಪಿಎಚ್ ಭಯ. ಹೇಳದೆ ಕೇಳದೆ ಬರುವ ಆರೋಗ್ಯ ತಪಾಸಣೆ ಅದು, 100ಕ್ಕೆ 86 ಬಂದರೆ ಪಾಸು. ಕೆಂಪು ಬಕೆಟ್ ತೊಳೆಯಲು, ಬೂದು ಬಣ್ಣದ್ದು ಜಾಲಾಡಲು, ಬಿಳಿಯದು ಸ್ಯಾನಿಟೈಸರ್‌ಗೆ. ಬಿಳಿ ಬಕೆಟಿಗೆ ತಪ್ಪು ಬಟ್ಟೆ ಹಾಕಿದವರನ್ನು ಶೆಫ್ ನೋಡುವ ನೋಟ ಒಂದಿರುತ್ತದೆ.

ದುಡ್ಡಿನ ಮಾತು. ನನಗೆ ತಿಂಗಳಿಗೆ 1,500 ಡಾಲರ್ ಆಸುಪಾಸು ಬಂತು. ಇಂಥ ಹಡಗುಗಳಲ್ಲಿ ಟಿಪ್ಸ್ ಸಾಮಾನ್ಯವಾಗಿ ಟಿಕೆಟಿನಲ್ಲೇ ಸೇರಿರುತ್ತದೆ, ಕೊನೆ ದಿನ ಯಾರಾದರೂ ಲಕೋಟೆ ಕೊಟ್ಟರೆ ಅದು ಮೇಲಿನದು, ನಂಬಿಕೊಂಡು ಕೂರುವಂಥದ್ದಲ್ಲ. ದೊಡ್ಡ ಹಡಗಿನ ಒಳ್ಳೇ ವೇಟರ್ ಸೀಸನ್ನಿನಲ್ಲಿ ನನಗಿಂತ ಜಾಸ್ತಿ ಮಾಡಬಹುದು. ನನಗೆ ತಿಂಗಳ ಲೆಕ್ಕ ಗಟ್ಟಿಯಿರುವುದೇ ಇಷ್ಟ, ಮನೆ ಸಾಲ ಇದ್ದವರಿಗೆ ಇದು ವಾಸಿ. ಊಟ, ವಸತಿ, ಯೂನಿಫಾರಂ ಅವರದ್ದು. ವೈಫೈ ಮತ್ತು ಕ್ರೂ ಬಾರ್ ಎರಡರಲ್ಲಿ ಎಷ್ಟು ಕಳೆಯುತ್ತೀರೋ ನೋಡಿಕೊಳ್ಳಿ. ಸಂಬಳ ಎನ್‌ಆರ್‌ಇ ಖಾತೆಗೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಹಾಕಿಸುವುದು, ತೆರಿಗೆಗಾಗಿ ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದಿರಿ ಎಂಬ 182 ದಿನದ ಲೆಕ್ಕ, ಇವೆರಡನ್ನೂ ಹೊರಡುವ ಮೊದಲೇ ಆಡಿಟರ್ ಹತ್ತಿರ ಕೂತು ಕೇಳಿಕೊಳ್ಳಿ.

ಸೈನ್ ಆಫ್, ಅಂದರೆ ಕಾಂಟ್ರ್ಯಾಕ್ಟ್ ಮುಗಿಸಿ ಹಡಗಿಳಿಯುವುದು ಕೂಡ ಸುಲಭಕ್ಕೆ ಆಗಲಿಲ್ಲ. ನನ್ನ ಬದಲಿಗೆ ಬರಬೇಕಾದ ಹುಡುಗಿಗೆ ವೀಸಾ ತಡವಾಯಿತು, ನಾನು ಇನ್ನೊಂದಷ್ಟು ವಾರ ಉಳಿಯಬೇಕಾಯಿತು. ಅಮ್ಮ ದೀಪಾವಳಿಗೆ ಬರುತ್ತೀ ಅಂದುಕೊಂಡಿದ್ದಳು, ನಾನು ಬಂದಾಗ ಶಿವರಾತ್ರಿಯೂ ಮುಗಿದಿತ್ತು. ಇಳಿಯುವ ದಿನ ಪಾಸ್‌ಪೋರ್ಟ್, ಸಿಡಿಸಿ ಕೈಗೆ ಬಂದಾಗ ಅಲ್ಲೇ ನಿಂತು ಪುಟ ತೆರೆದು ನೋಡಿ. ನನ್ನ ಸಿಡಿಸಿಯಲ್ಲಿ ಸೈನ್ ಆಫ್ ತಾರೀಕಿನ ತಿಂಗಳು ತಪ್ಪಾಗಿತ್ತು. ತೆರಿಗೆಗೆ ಹೇಳುವ ಲೆಕ್ಕ, ಮುಂದಿನ ಕಾಂಟ್ರ್ಯಾಕ್ಟ್ ಎಲ್ಲ ಆ ತಾರೀಕನ್ನೇ ನಂಬಿಕೊಂಡಿರುತ್ತದೆ. ಬಸ್ಸು ಕಾಯುತ್ತಿತ್ತು, ಚಾಲಕ ಹಾರ್ನ್ ಮಾಡುತ್ತಿದ್ದ, ನಾನು ಮತ್ತೆ ಮೇಲೆ ಹತ್ತಿ ಕ್ಯಾಪ್ಟನ್ ಸಹಿ ಮತ್ತು ಸೀಲು ಹಾಕಿಸಿಕೊಂಡೇ ಇಳಿದೆ. ಜೊತೆಗೆ ಸೀ ಸರ್ವಿಸ್ ಪತ್ರ, ಕೊನೆಯ ಪೇ ಸ್ಲಿಪ್ಪನ್ನೂ ಕೇಳಿ ತೆಗೆದುಕೊಳ್ಳಿ, ಆಮೇಲೆ ಇಮೇಲ್ ಮಾಡಿದರೆ ಯಾರೂ ಉತ್ತರ ಕೊಡುವುದಿಲ್ಲ.

ಮುಂದಿನ ಕಾಂಟ್ರ್ಯಾಕ್ಟಿಗೆ ಪತ್ರ ಬಂದಿದೆ. ಮೆಡಿಕಲ್ ಎರಡು ವರ್ಷ ನಡೆಯುತ್ತದೆ, ನೀರಿನ ಮತ್ತು ಬೆಂಕಿಯ ಕೋರ್ಸು ಐದು ವರ್ಷಕ್ಕೊಮ್ಮೆ ರಿಫ್ರೆಶ್ ಮಾಡಬೇಕು, ಅವೆಲ್ಲ ಸದ್ಯಕ್ಕೆ ಸರಿಯಿವೆ. ಈ ರಜೆಯಲ್ಲಿ ನನಗಿರುವುದು ಒಂದೇ ಕೆಲಸ, ಪಾಸ್‌ಪೋರ್ಟಿನ ಸರ್‌ನೇಮ್. ಮಂಗಳೂರಿನಲ್ಲಿ ಮುಂದಿನ ಮಂಗಳವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ.